ಸೆಕೆ ಸಾಗಹಾಕುವ ಕಲೆ

ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಮೇಲೆ ಸೂರ್ಯನೊಬ್ಬನಿದ್ದಾನೆಂದು ಸರ್ಕಾರ ಲಿಖಿತವಾಗಿ ಒಪ್ಪಿಕೊಳ್ಳುವುದು ಈ ಒಂದು ಆದೇಶದಲ್ಲಿ ಮಾತ್ರ. ಮನೆ ಮಂಜೂರು ಮಾಡುವಾಗ ಅವನ ನೆನಪಿರುವುದಿಲ್ಲ. ಎರಡಡಿ ದಪ್ಪದ ಮಣ್ಣಿನ ಗೋಡೆ, ಮಣ್ಣು ಹಾಸಿದ ಮಾಳಿಗೆ, ನಡುವೆ ಬೆಳಕಿಂಡಿ ಇದ್ದರೆ ಅದು ಕಚ್ಚಾ ಮನೆ. ಅದನ್ನು ಕೆಡವಿ ತೆಳು ಗೋಡೆ ಎಬ್ಬಿಸಿ ಮೇಲೆ ಆರ್‌ಸಿಸಿ ಸುರಿದರೆ ಪಕ್ಕಾ. ಮಣ್ಣಿನ ಗೋಡೆ ಹಗಲಿನ ಝಳವನ್ನು ತನ್ನಲ್ಲೇ ತಡೆದಿಟ್ಟುಕೊಂಡು ಒಳಕ್ಕೆ ಬಿಡುವಷ್ಟರಲ್ಲಿ ರಾತ್ರಿಯಾಗಿರುತ್ತಿತ್ತು. ಮನೆಮಂದಿ ಚಾಪೆ ಹಿಡಿದು ಮಾಳಿಗೆ ಏರಿರುತ್ತಿದ್ದರು. ಆರ್‌ಸಿಸಿಗೆ ಅಷ್ಟು ತಾಳ್ಮೆಯಿಲ್ಲ. ಸಂಜೆಗೇ ನೆತ್ತಿಯ ಮೇಲೆ ರೊಟ್ಟಿ ಹಂಚು. ಆಗ ಕಂತಿನ ಮೇಲೆ ಏಸಿ ಬರುತ್ತದೆ.

ಏಸಿ ಸೆಕೆಯನ್ನು ವಜಾ ಮಾಡುವುದಿಲ್ಲ, ವರ್ಗಾವಣೆ ಮಾಡುತ್ತದೆ. ಅದೂ ಬಡ್ತಿ ಕೊಟ್ಟು: ಒಳಗಿನ ಶಾಖಕ್ಕೆ ತಾನು ನುಂಗಿದ ವಿದ್ಯುತ್ತಿನ ಶಾಖವನ್ನೂ ಸೇರಿಸಿ ಹೊರಗೆ ಊದುತ್ತದೆ. ಹೊರಗೆ ಎಂದರೆ ಸಾಮಾನ್ಯವಾಗಿ ಪಕ್ಕದ ಮನೆಯ ಕಿಟಕಿ. ಪಕ್ಕದವರು ಕಿಟಕಿ ಮುಚ್ಚಿ, ತಾವೂ ಒಂದು ತಂದು, ಅದರ ಮೋರೆಯನ್ನು ನಮ್ಮ ಕಡೆ ತಿರುಗಿಸುತ್ತಾರೆ. ಇಬ್ಬರ ಸೆಕೆಯೂ ಕೊನೆಗೆ ಸೇರುವುದು ಬೀದಿಯಲ್ಲಿ ಸೊಪ್ಪಿನ ಗಾಡಿ ತಳ್ಳುವವನಿಗೆ. ಹಿಂದೆ ಅವನು ಯಾರದಾದರೂ ಜಗಲಿಯ ಮೇಲೆ ಕೂತು ನೀರು ಕೇಳಬಹುದಿತ್ತು. ಆ ಜಗಲಿಯ ಜಾಗದಲ್ಲೀಗ ಕಾರು ನಿಂತಿದೆ. ಪಾಪ, ಅದಕ್ಕೂ ನೆರಳು ಬೇಕು.

ಬೆಂಗಳೂರಿನದು ಇನ್ನೂ ಮುಂದುವರಿದ ಪದ್ಧತಿ. ಚಳಿದೇಶದವರು ಬಿಸಿಲು ಹಿಡಿಯಲು ಕಟ್ಟುವ ಗಾಜಿನ ಮನೆಯನ್ನು ಹೊರವರ್ತುಲ ರಸ್ತೆಯಲ್ಲಿ ಕಟ್ಟಿ, ಹಿಡಿದ ಬಿಸಿಲನ್ನು ಯಂತ್ರ ಹಚ್ಚಿ ಹೊರದಬ್ಬುತ್ತಾರೆ. ಒಳಗೆ 18 ಡಿಗ್ರಿ. ಮೇ ತಿಂಗಳಲ್ಲೂ ಕುರ್ಚಿಯ ಬೆನ್ನಿಗೊಂದು ಶಾಲು. ಹೊಸ ಏಸಿ ಚಾಲೂ ಆದೊಡನೆ 24ರಲ್ಲಿ ನಿಲ್ಲಬೇಕೆಂಬ ನಿಯಮ 2020ರಲ್ಲೇ ಬಂದಿದೆ. ನಿಯಮ ಯಂತ್ರಕ್ಕೆ, ರಿಮೋಟ್ ಒತ್ತುವ ಬೆರಳಿಗಲ್ಲ.

ಹಾಗೆಂದು ಪರಂಪರೆಯನ್ನು ಯಾರೂ ಬಿಟ್ಟಿಲ್ಲ. ಅರವಟಿಗೆ ಇಂದಿಗೂ ಇದೆ. ಉದ್ಘಾಟನೆಯ ದಿನ ಮಜ್ಜಿಗೆಗೆ ಇಂಗು, ಶುಂಠಿ, ಕರಿಬೇವು. ಮೂರನೆಯ ದಿನ ಬರೀ ನೀರು. ವಾರ ಕಳೆದರೆ ಮಡಕೆ ಬೋರಲು, ಸರಪಳಿ ಬಿಗಿದ ಸ್ಟೀಲು ಲೋಟವೊಂದೇ ಕಾವಲು. ಕೈಮುಗಿದ ನಾಯಕರ ಫ್ಲೆಕ್ಸ್ ಮಾತ್ರ ಮಳೆಗಾಲದವರೆಗೂ ಅಲ್ಲಾಡುವುದಿಲ್ಲ. ಅದರ ಹಿಂದೆ ಸೊಪ್ಪಿನವನಿಗೆ ಒಂದಿಷ್ಟು ನೆರಳು ಸಿಗುತ್ತದೆ. ನಾಯಕರ ಜನಸೇವೆ ಅಷ್ಟರಮಟ್ಟಿಗೆ ನಿಜ.