ಹಠಮಾರಿ ಮಗುವನ್ನು ತಯಾರಿಸುವ ಸುಲಭ ವಿಧಾನ

ಬೇಕಾಗುವ ಸಾಮಗ್ರಿ: ಸದ್ದು, ಬಟ್ಟೆ, ರುಚಿ, ಬೆಳಕು ಇವುಗಳಲ್ಲಿ ಯಾವುದಾದರೊಂದನ್ನು ತಡೆಯಲಾರದ ಮಗು ಒಂದು. ಬುದ್ಧಿ ಹೇಳುವ ನೆಂಟರು, ಸಿಕ್ಕಷ್ಟು.

ಆಟಿಸಂ, ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಇಂಥದ್ದು ಸಾಮಾನ್ಯ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಇದನ್ನು ಆಟಿಸಂ ಲಕ್ಷಣಗಳ ಪಟ್ಟಿಗೇ ಸೇರಿಸಿತು. ನೀವು ಅಷ್ಟು ದೂರ ಹೋಗಬೇಡಿ. ಹಠ ಎಂದುಬಿಡಿ, ಡಾಕ್ಟರ ಫೀಸು ಉಳಿಯುತ್ತದೆ.

1. ಸದ್ದಿನಿಂದ ಶುರು ಮಾಡಿ. ಶೀಟಿನ ಮಾಡಿನ ಮೇಲೆ ಜುಲೈ ಮಳೆ ಸುರಿಯುವಾಗ ಮಗು ಕಿವಿ ಮುಚ್ಚಿಕೊಂಡು ಮೂಲೆ ಸೇರಿದರೆ ಕೈ ಬಿಡಿಸಿ. ಆಮೇಲೆ ಟಿವಿ ಸೌಂಡ್ ಏರಿಸಿ, ಮಳೆಯಲ್ಲಿ ನಿಮಗೆ ಕೇಳಿಸಬೇಕಲ್ಲ. ಮಿಕ್ಸಿಯಾಗಲಿ ಕಾಫಿ ಪಲ್ಪರ್ ಆಗಲಿ, ಶುರು ಮಾಡುವ ಮುಂಚೆ ಮಗುವಿಗೆ ಹೇಳಬೇಡಿ. ಆಲೂರು, ಸಕಲೇಶಪುರದ ತೋಟಗಳ ಹತ್ತಿರ ಆನೆ ಬಂದರೆ ಅರಣ್ಯ ಇಲಾಖೆ ಮೊಬೈಲಿಗೆ ಸಂದೇಶ ಕಳಿಸುತ್ತದೆ, ನಿಜ. ಮುನ್ಸೂಚನೆಯೆಲ್ಲ ದೊಡ್ಡವರಿಗೆ. ಆನೆ ಓಡಿಸಲು ಪಟಾಕಿ ಹೊಡೆಯುವಾಗ ಮಗುವನ್ನು ಜಗಲಿಗೆ ತಂದು ನಿಲ್ಲಿಸಿ, ಧೈರ್ಯ ಬರುತ್ತದೆ.

ಹೆಚ್ಚಿನ ತರಬೇತಿಗೆ ರೈಲಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗಗಳು. ಪ್ರತಿ ಸುರಂಗದಲ್ಲೂ ಬೋಗಿಯ ಹುಡುಗರು ಕೂಗುವಾಗ ನೀವೂ ಸೇರಿ ಕೂಗಿ. ಮೂರನೆಯದರಲ್ಲೇ ಮಗು ಚೀರತೊಡಗಿದರೆ ಗಾಬರಿಯಾಗಬೇಡಿ, ಇನ್ನೂ 54 ಇವೆ.

2. ಬಟ್ಟೆ. ಚುಚ್ಚುವ ಉಣ್ಣೆ ಸ್ವೆಟರನ್ನೇ ಆರಿಸಿ. ಕುತ್ತಿಗೆಯ ಲೇಬಲ್ ಕತ್ತರಿಸಬೇಡಿ. ಕತ್ತರಿಸಲು ಅರ್ಧ ನಿಮಿಷವೂ ಬೇಡ. ಆದರೆ ಅಷ್ಟು ಬೇಗ ರಗಳೆ ಮುಗಿದರೆ ಬೆಳಗಿನ ಜಗಳಕ್ಕೆ ಕಾರಣ ಎಲ್ಲಿಂದ ತರುತ್ತೀರಿ?

3. ಊಟ. ಮೊಸರನ್ನ ಬಿಟ್ಟು ಬೇರೇನೂ ಮುಟ್ಟದ ಮಗುವಿಗೆ ಕಳಲೆ ಪಲ್ಯ, ಅಣಬೆ ಸಾರು ಎರಡನ್ನೂ ಒಂದೇ ತಟ್ಟೆಯಲ್ಲಿ ಕಲಸಿ ಕೊಡಿ. ವಾಕರಿಸಿದರೆ ನಾಟಕ ಎನ್ನಿ. ಅಕ್ಕಿ ಬದಲಾದದ್ದನ್ನು ಮೊದಲ ತುತ್ತಿಗೇ ಪತ್ತೆ ಹಚ್ಚಿದರೆ ಗದರಿ. ಲೋಟದ ಕಾಫಿಯಲ್ಲಿ ಅಡಗಿದ ಮುಗ್ಗಲು ಕಂಡುಹಿಡಿಯುವ ನಾಲಿಗೆಗಾಗಿ ಕಾಫಿ ಬೋರ್ಡ್ ಡಿಪ್ಲೊಮಾ ಕೋರ್ಸನ್ನೇ ನಡೆಸುತ್ತದೆ. ಅದು ಪ್ರತಿಭೆ. ಮಕ್ಕಳಲ್ಲಿದ್ದರೆ ಕೊಬ್ಬು.

4. ಕೆಲವು ಮಕ್ಕಳದ್ದು ಉಲ್ಟಾ ಕೇಸು, ಎಷ್ಟಾದರೂ ಸಾಲದು. ಗಿರಗಿರ ತಿರುಗುತ್ತವೆ, ಕಟ್ಟೆಯಿಂದ ಜಿಗಿಯುತ್ತವೆ, ಕಣದ ಕಾಫಿ ರಾಶಿಗೆ ಮೊಣಕೈವರೆಗೆ ಕೈ ತೂರಿಸುತ್ತವೆ. ದೇಹದ ಸಮತೋಲ, ಕೀಲು-ಸ್ನಾಯುಗಳ ಸುದ್ದಿ ಎಲ್ಲವನ್ನೂ ಮಿದುಳು ಹೊಂದಿಸಿಕೊಳ್ಳಬೇಕು, ಕೆಲವರಲ್ಲಿ ಅದು ಕಷ್ಟ ಎಂದು ಜೀನ್ ಏರ್ಸ್ ಎಂಬ ಥೆರಪಿಸ್ಟ್ 1972ರಲ್ಲೇ ಪುಸ್ತಕ ಬರೆದಿದ್ದಾರೆ. ಓದಬೇಡಿ. ಹಲಸಿನ ಮರಕ್ಕೆ ಜೋಕಾಲಿ ಕಟ್ಟಿದರೆ ಮಗು ತಣ್ಣಗಾಗುವ ಅಪಾಯವಿದೆ. ಹಗ್ಗವನ್ನು ಅಟ್ಟಕ್ಕೆ ಹಾಕಿ.

5. ಜಾತ್ರೆ. ಸಕಲೇಶ್ವರ ಸ್ವಾಮಿಯ ತೇರಿಗೆ ಕರೆದೊಯ್ದು ಡೋಲಿನ ಪಕ್ಕ, ಜನರ ನಡುವೆ ನಿಲ್ಲಿಸಿ. ಮಗು ನೆಲಕ್ಕೆ ಬಿದ್ದು ಹೊರಳಿದಾಗ ಎರಡು ಬಿಡಿ. ಸುತ್ತಲಿನವರು ನಿಮ್ಮ ಶಿಸ್ತು ಮೆಚ್ಚುತ್ತಾರೆ. ಗದ್ದಲದಿಂದ ಆಚೆ ಕರೆದೊಯ್ದು ಸುಮ್ಮನೆ ಪಕ್ಕದಲ್ಲಿ ಕೂತರೆ ಮೆಚ್ಚುವವರು ಯಾರೂ ಇರುವುದಿಲ್ಲ.

ಎಚ್ಚರಿಕೆಗಳು: ಮಗುವನ್ನು ಗಂಟೆಯಿಂದ ದೂರದ ಬೆಂಚಿಗೆ ಬದಲಾಯಿಸುವ ಟೀಚರನ್ನು ನಂಬಬೇಡಿ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೇ ಬಂದು ಬೆಳವಣಿಗೆಯ ತೊಂದರೆ ಗುರುತಿಸುತ್ತವೆ. ಆ ದಿನ ಮಗುವಿಗೆ ರಜೆ ಹಾಕಿಸಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗಿ ಎಂದರೆ ದೂರ ಎನ್ನಿ. ಮದುವೆಗಳಿಗೆ ಅದೇ ಊರುಗಳು ಹತ್ತಿರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿರುವ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ, ಅದರ ಕಾರ್ಡ್ ಮಾಡಿಸಿ ಎಂದು ಯಾರಾದರೂ ಹೇಳಿದರೆ ದೊಡ್ಡಮ್ಮನನ್ನು ಮುಂದೆ ಬಿಡಿ. ‘ಕಾರ್ಡ್ ಮಾಡಿಸಿದ್ರೆ ನಾಳೆ ಹೆಣ್ಣು ಯಾರು ಕೊಡ್ತಾರೆ?’ ಎಂದು ಅವರು ಐದು ವರ್ಷದ ಹುಡುಗನ ಮೇಲಿಟ್ಟ ಕಾಳಜಿಯ ಮುಂದೆ ಕಾನೂನು ನಿಲ್ಲುವುದಿಲ್ಲ.

ಶಾಲೆಗೇ ಬರುವ ಆ ಸರ್ಕಾರಿ ತಪಾಸಣೆ ಸಿಗುವುದು 18 ವರ್ಷದವರೆಗೆ ಮಾತ್ರ. ಅಲ್ಲಿಯತನಕ ‘ಬೆಳೀತಾ ಸರಿಹೋಗ್ತಾನೆ’ ಎನ್ನುತ್ತಿರಿ. ಆಮೇಲೆ ‘ನಮಗೆ ಯಾರೂ ಏನೂ ಹೇಳಲೇ ಇಲ್ಲ’ ಎನ್ನಿ. ನೆಂಟರು ಸಾಕ್ಷಿ ನುಡಿಯುತ್ತಾರೆ.