ಉಕ್ಕಿದ ಹಾಲು, ಉಕ್ಕಿಸಿದ ಶನಿ

ನಿರಾಶಾವಾದಿ ಎಂಬ ಪದವನ್ನು ಪರೀಕ್ಷೆಯಲ್ಲಿ ಬರೆದವರುಂಟು, ಮನೆಯಲ್ಲಿ ಆಡಿದವರನ್ನು ನಾನಂತೂ ಕಂಡಿಲ್ಲ. ದೈವಾಧೀನ ಎಂಬುದನ್ನು ನಿಧನ ವಾರ್ತೆಗೇ ಮೀಸಲಿಟ್ಟಿದ್ದೇವೆ. ಆದರೂ ‘ಹೇಗಿದ್ದೀರಿ?’ ಎಂದು ಯಾರನ್ನಾದರೂ ಕೇಳಿ ನೋಡಿ. ‘ಏನೋ ಹೀಗಿದ್ದೀವಿ’, ‘ದಿನ ದೂಡ್ತಿದ್ದೀವಿ.’ ಚೆನ್ನಾಗಿದ್ದೇನೆ ಎಂದು ಗಟ್ಟಿಯಾಗಿ ಹೇಳಿದರೆ ಒಂದೋ ದೃಷ್ಟಿಯಾಗುತ್ತದೆ, ಇಲ್ಲವೇ ಎದುರಿನವರು ಸಾಲ ಕೇಳುತ್ತಾರೆ.

ಈ ವಿದ್ಯೆಯಲ್ಲಿ ನಮ್ಮ ಸೋದರತ್ತೆ ಪಂಡಿತೆ. ಹಾಲು ಅವರ ಕೈಯಲ್ಲಿ ಉಕ್ಕಿದರೆ ‘ಗ್ರಹಚಾರ’. ಸೊಸೆಯ ಕೈಯಲ್ಲಿ ಉಕ್ಕಿದರೆ ‘ನಾನು ಪಡಕೊಂಡು ಬಂದದ್ದೇ ಇಷ್ಟು’. ಪಕ್ಕದ ಮನೆಯಿಂದ ಸೀದ ವಾಸನೆ ಬಂತೋ, ‘ಮಾಡಿದ್ದುಣ್ಣೋ ಮಹಾರಾಯ’. ವಿಧಿಗೆ ನಾವು ಇಷ್ಟೊಂದು ಹೆಸರಿಟ್ಟಿರುವುದು ಅಳುವುದಕ್ಕಲ್ಲ, ತಪ್ಪನ್ನು ಯಾರ ಲೆಕ್ಕಕ್ಕೆ ಬರೆಯಬೇಕೆಂದು ತೀರ್ಮಾನಿಸುವುದಕ್ಕೆ. ಅದರಲ್ಲೂ ಗ್ರಹಚಾರ ಅಗ್ಗದ್ದು, ಎಳ್ಳೆಣ್ಣೆ ದೀಪಕ್ಕೆ ಬಗ್ಗುತ್ತದೆ. ಹಣೆಬರಹಕ್ಕೆ ಮಾತ್ರ ರಬ್ಬರ್ ಇಲ್ಲ.

ಅತ್ತೆ ‘ನಾನಿನ್ನೆಷ್ಟು ದಿನವೋ’ ಎನ್ನುತ್ತಲೇ ಎರಡನೇ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾರೆ. ಸಮಾಧಾನಕ್ಕೆಂದು ನೀವೇನಾದರೂ ‘ಹೌದತ್ತೆ’ ಅಂದಿರೋ ಮುಗಿಯಿತು. ‘ಬಿಡ್ತು ಅನ್ನೋ! ಅಸ್ತು ದೇವತೆಗಳು ಓಡಾಡೋ ಹೊತ್ತು!’

ಇನ್ನು ಶನಿ ಮಹಾತ್ಮನ ಲೆಕ್ಕ. ಅವನು ಒಂದು ರಾಶಿಯಲ್ಲಿ ಸುಮಾರು ಎರಡೂವರೆ ವರ್ಷ ಕೂರುತ್ತಾನೆ; ಹನ್ನೆರಡೂ ಮುಗಿಸಲು ಹತ್ತಿರ ಹತ್ತಿರ 30 ವರ್ಷ. ನಮ್ಮ ರಾಶಿ, ಅದರ ಹಿಂದಿನದು, ಮುಂದಿನದು, ಈ ಮೂರರಲ್ಲಿ ಅವನಿರುವಷ್ಟು ಕಾಲ ಸಾಡೇಸಾತಿ. ಅಂದರೆ ಯಾವ ದಿನ ನೋಡಿದರೂ ಮೂರು ರಾಶಿಯವರು ಸಿಕ್ಕಿಬಿದ್ದಿರಲೇಬೇಕು. ಅಷ್ಟಮ ಶನಿ, ಪಂಚಮ ಶನಿ, ಅರ್ಧಾಷ್ಟಮ ಶನಿ ಎಂದು ಇನ್ನೂ ಮೂರು ರಾಶಿ ಕೂಡಿಸಿ. ಹನ್ನೆರಡರಲ್ಲಿ ಆರು! ಉಳಿದ ಆರು ರಾಶಿಯವರಿಗೆ ರಾಹು ಕೇತು ಗುರುಗಳಿದ್ದಾರೆ, ಚಿಂತೆ ಬೇಡ. ಇಷ್ಟು ಸಮನಾಗಿ ಹಂಚುವ ರೇಷನ್ ಅಂಗಡಿ ಇನ್ನೊಂದಿಲ್ಲ.

ಧಾರವಾಡದ ಕಡೆ ಇದೇ ಸಂಕಟ ‘ನಸೀಬ ಖೊಟ್ಟಿ ಐತ್ರಿ’ ಆಗುತ್ತದೆ, ಮಂಗಳೂರಿನ ಕಡೆ ‘ಗ್ರಾಚಾರ ಮಾರಾಯ್ರೆ’. ಸಿಟ್ಟು ಬಂದಾಗ ‘ನಿನ್ನ ಗ್ರಹಚಾರ ಬಿಡಿಸ್ತೀನಿ’ ಎನ್ನುವುದು ಎಲ್ಲ ಕಡೆಯೂ ಉಂಟು. ಜೋಯಿಸರು ಹೋಮ ಮಾಡಿ ಬಿಡಿಸುವುದನ್ನು ಇವರು ಎರಡು ನಿಮಿಷದ ಬೈಗುಳದಲ್ಲಿ, ಅದೂ ದಕ್ಷಿಣೆಯಿಲ್ಲದೆ ಬಿಡಿಸುತ್ತಾರೆ.

ಅಪ್ಪಟ ವಿಧಿವಾದಿಗಳು ಬೇಕೆಂದರೆ ಬುದ್ಧನ ಕಾಲಕ್ಕೆ ಹೋಗಬೇಕು. ಆಜೀವಿಕರ ಗುರು ಮಕ್ಖಲಿ ಗೋಸಾಲ, ಎಲ್ಲವೂ ನಿಯತಿ, ಮನುಷ್ಯಪ್ರಯತ್ನ ಎಂಬುದೇ ಇಲ್ಲ ಎಂದವನು. ಎಸೆದ ದಾರದ ಉಂಡೆ ಬಿಚ್ಚಿಕೊಳ್ಳುತ್ತ ಹೋಗಿ, ದಾರ ಮುಗಿದಲ್ಲಿ ನಿಲ್ಲುವಂತೆ ಜೀವವೂ ಅಲೆದು ಮುಗಿಯಬೇಕಂತೆ. ಅಲ್ಲಿಯವರೆಗೆ ಸುಮ್ಮನೆ ಕೂರಬಹುದಿತ್ತಲ್ಲ? ಆ ಪಂಥದವರು ಕಠೋರ ತಪಸ್ಸಿಗೆ ಹೆಸರಾಗಿದ್ದರು! ಅತ್ತೆಯ ತುಪ್ಪದ ತರ್ಕವೇ ಇದಕ್ಕಿಂತ ವಾಸಿ. ಪಾಪ, ಚೋಳರ ಕಾಲದ ಶಾಸನಗಳಲ್ಲಿ ಇವರ ಮೇಲೆ ತೆರಿಗೆಯ ಪ್ರಸ್ತಾಪವೂ ಇದೆ. ಅದೂ ನಿಯತಿಯೇ ಇರಬೇಕು.

ಈಗ ತೆರಿಗೆ ಕಟ್ಟಲು ಹೋದರೆ ನಿಯತಿಯ ಹೊಸ ಹೆಸರು ‘ಸರ್ವರ್ ಡೌನ್’. ಮೊನ್ನೆ ಮನೆ ಕಂದಾಯದ ಸಾಲಿನಲ್ಲಿ ನಿಂತಿದ್ದೆವು. ಗುಮಾಸ್ತರು ಪರದೆಯಿಂದ ಕಣ್ಣೆತ್ತದೆ ಆ ಎರಡು ಪದ ಉಚ್ಚರಿಸಿದರು. ಯಾರೂ ಜಗಳಕ್ಕೆ ಇಳಿಯಲಿಲ್ಲ. ಮುಂದಿದ್ದ ಹಿರಿಯರು ‘ನಮ್ಮ ಹಣೆಬರಹ’ ಎಂದು ಫೈಲು ಕಂಕುಳಿಗೆ ಸೇರಿಸಿದರು. ಹಿಂದಿದ್ದ ಹುಡುಗ, ‘ನೆಗೆಟಿವ್ ಆಗಿ ಮಾತಾಡ್ಬೇಡಿ ಅಂಕಲ್, ನಾಳೆ ಸರಿಹೋಗುತ್ತೆ’ ಎಂದ.

ಗುಮಾಸ್ತರು ಆಗ ಕಣ್ಣೆತ್ತಿದರು. ‘ನಾಳೆ ಎರಡನೇ ಶನಿವಾರ.’