ಒರೆಸಿದ ಪುಣ್ಯಾತ್ಮರಿಗೆ

ಸರ್ವಿಸ್ ಸೆಂಟರಿನ ಮ್ಯಾನೇಜರ್ ಸಾಹೇಬರೇ,

ಇವತ್ತು ಬೆಳಗ್ಗೆ ಬಾಯಲ್ಲಿ ಬ್ರಶ್ ಇರುವಾಗಲೇ ನಿಮ್ಮ ಆಫೀಸಿನಿಂದ ಫೋನ್ ಬಂತು. ‘ಸಾರ್, ನಮ್ಮ ಸರ್ವಿಸಿಗೆ ಹತ್ತಕ್ಕೆ ಎಷ್ಟು ಕೊಡ್ತೀರಾ? ಹತ್ತೇ ಕೊಟ್ಟುಬಿಡಿ ಸಾರ್.’ ಬಾಯಿ ಮುಕ್ಕಳಿಸಿ ಬಂದು ಉತ್ತರ ಬರೆಯುತ್ತಿದ್ದೇನೆ.

ನನ್ನ ಕಾರಿನ ಕಾಯಿಲೆ ತಮಗೆ ನೆನಪಿರಬೇಕು. ಹೊರಟ ಹತ್ತು ನಿಮಿಷಕ್ಕೆ ನಾಲ್ಕು ಸಿಲಿಂಡರಿನ ಗಾಡಿ ಮೂರರಲ್ಲಿ ಕುಂಟುತ್ತಿತ್ತು, ಚೆಕ್ ಎಂಜಿನ್ ದೀಪ ಕಣ್ಣು ಹೊಡೆಯುತ್ತಿತ್ತು, ಬಾನೆಟ್ ಎತ್ತಿದರೆ ಪಾಕ ಕಾಯಿಸಿದ ಹಾಗೆ ಸಿಹಿ ವಾಸನೆ. ಕೂಲೆಂಟ್ ಸೋರಿ ಸ್ಪಾರ್ಕ್ ಪ್ಲಗ್ ಕೂತ ಗುಳಿಗೆ ಇಳಿದಿತ್ತು. ಸಾವಿರಾರು ವೋಲ್ಟಿನ ಕರೆಂಟು ಪ್ಲಗ್ಗಿನ ತುದಿಗೆ ಹೋಗಿ ಕಿಡಿಯಾಗುವ ಬದಲು ಒದ್ದೆಯ ದಾರಿ ಹಿಡಿದು ಎಂಜಿನ್ ಹೆಡ್ಡಿಗೆ ಇಳಿದುಹೋಗುತ್ತಿತ್ತು.

ಮೊದಲ ಸಲ ಬಂದಾಗ ‘ಒರೆಸಿದ್ದೀವಿ ಸಾರ್’ ಎಂದಿರಿ. ಎಂಜಿನ್ ಕ್ಲೀನಿಂಗ್, 850 ರೂಪಾಯಿ. ಎರಡನೇ ಸಲ ‘ಚೆನ್ನಾಗಿ ಒರೆಸಿದ್ದೀವಿ ಸಾರ್.’ ಚೆನ್ನಾಗಿ ಒರೆಸಿದ್ದಕ್ಕೆ 1,100. ಹಾಸನಕ್ಕೆ ಹೊರಟವನು ಕುಣಿಗಲ್ಲಿನಲ್ಲಿ ನಿಂತೆ. ನಿನ್ನೆ ಮೂರನೇ ಸಲ. ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆ ಐದರವರೆಗೆ ನಿಮ್ಮ ಸೋಫಾ ಮೇಲೆ ಕೂರಿಸಿ, ‘ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, 42,000 ಆಗುತ್ತೆ’ ಎಂದಿರಿ. ಪ್ರೆಶರ್ ಟೆಸ್ಟ್ ಮಾಡಿದ್ರಾ ಅಂದೆ. ನಿಮ್ಮ ಹುಡುಗ ಟ್ಯಾಬ್ ನೋಡಿದ, ನನ್ನ ಮುಖ ನೋಡಿದ. ‘ಒರೆಸಿದ್ದೀವಲ್ಲ ಸಾರ್.’

ನನಗೆ ಸಿಟ್ಟು ಬಂದಿರುವುದು ದುಡ್ಡಿಗಲ್ಲ. ಸುಳ್ಳು, ದುಡ್ಡಿಗೂ ಬಂದಿದೆ. ಆದರೆ ಸೂರು ಸೋರುವ ಮನೆಯಲ್ಲಿ ನೆಲ ಒರೆಸಿ ಒರೆಸಿ ಬಿಲ್ ಮಾಡುವವರು ಒಂದು ಸಲವಾದರೂ ತಲೆ ಎತ್ತಿ ನೋಡಬಾರದೇ?

ಸಂಜೆ ಕುಂಟಿಸಿಕೊಂಡೇ ನಮ್ಮ ಬೀದಿ ಕೊನೆಯ ಗ್ಯಾರೇಜಿಗೆ ಹೋದೆ. ಅಲ್ಲಿ ಸೋಫಾ ಇಲ್ಲ, ಟೈರಿನ ಮೇಲೆ ಕೂರಬೇಕು. ಮೇಸ್ತ್ರಿ ಎಂಜಿನ್ ಆರುವ ತನಕ ಮುಟ್ಟಲೇ ಇಲ್ಲ. ಆಮೇಲೆ ಪ್ಲಗ್ಗಿನ ಮೇಲಿನ ಕಾಯಿಲ್ ಎಳೆದರೆ ರಬ್ಬರ್ ಬೂಟಿನ ತುದಿಯಿಂದ ಹಸಿರು ಹನಿ ತೊಟ್ಟಿಕ್ಕಿತು. ಮೂರು ಸಲ ಒರೆಸಿದ ಎಂಜಿನ್ನಿನ ಗುಳಿಯಲ್ಲಿ ಬೆರಳುದ್ದ ಕೂಲೆಂಟ್! ಪ್ಲಗ್ ಬಿಚ್ಚಿ ಅಂದೆ. ‘ಈಗ ಬಿಚ್ಚಿದ್ರೆ ಅಷ್ಟೂ ಸಿಲಿಂಡರಿಗೆ ಬೀಳುತ್ತೆ. ಪಿಸ್ಟನ್ನು ಗಾಳಿ ಹಿಂಡುತ್ತೆ, ನೀರು ಹಿಂಡೋಕಾಗಲ್ಲ. ಸೆಲ್ಫ್ ಹೊಡೆದ್ರೆ ಕನೆಕ್ಟಿಂಗ್ ರಾಡ್ ಬಗ್ಗಬಹುದು’ ಅಂದರು. ಸಿರಿಂಜಿಗೆ ಪೈಪು ಸಿಕ್ಕಿಸಿ ಎಳೆದರು, ಉಳಿದದ್ದಕ್ಕೆ ಕಂಪ್ರೆಸರ್ ಗಾಳಿ ಹೊಡೆದರು. ಗುಳಿ ಒಣಗಿದ ಮೇಲೇ ಪ್ಲಗ್ಗಿಗೆ ಕೈ ಹಾಕಿದ್ದು. ತೆಗೆದ ಕೂಲೆಂಟನ್ನು ಡಬ್ಬಿಗೆ ತುಂಬಿ ಮುಚ್ಚಿಟ್ಟರು. ಸಿಹಿ ಅಂತ ಬೀದಿನಾಯಿ ನೆಕ್ಕಿದರೆ ಸಾಯುತ್ತದಂತೆ.

ಕೊನೆಗೆ ರೇಡಿಯೇಟರ್ ಬಾಯಿಗೆ ಕೈಪಂಪು ಕೂರಿಸಿ ನಾಲ್ಕು ಸಲ ಒತ್ತಿದರು. ಥರ್ಮೋಸ್ಟಾಟ್ ಹೋಸಿನ ಕ್ಲ್ಯಾಂಪ್ ಬುಡದಿಂದ ಚಿರ್ರೆಂದು ಚಿಮ್ಮಿ ಸೀದಾ ಗುಳಿಯತ್ತ ಹರಿಯಿತು. ಕ್ಲ್ಯಾಂಪ್ ಸಡಿಲ, ಅಷ್ಟೆ. ಹಿಂದಿನ ಸರ್ವಿಸಿನಲ್ಲಿ ಆ ಹೋಸ್ ಬಿಚ್ಚಿ ಕೂಲೆಂಟ್ ಬದಲಿಸಿದವರು ಯಾರು? ತಾವೇ. ಹೊಸ ಕ್ಲ್ಯಾಂಪಿಗೆ 60, ಕೂಲಿಗೆ 500. ರಾತ್ರಿ ನಾಲ್ಕೂ ಸಿಲಿಂಡರಿನಲ್ಲಿ ಮನೆಗೆ ಬಂದೆ.

ಇನ್ನೊಂದು. ಎಂಜಿನ್ನಿನ ಹಿಂದೆ ನಿಮ್ಮವರು ಮರೆತ ಬನಿಯನ್ ವೇಸ್ಟ್ ಬಟ್ಟೆ ಸಿಕ್ಕಿತು, ಎಕ್ಸಾಸ್ಟಿಗೆ ನಾಲ್ಕೇ ಬೆರಳು ದೂರದಲ್ಲಿ. ಹೊತ್ತಿಕೊಂಡಿದ್ದರೆ ತಮಗೆ ಒರೆಸಲು ಏನೂ ಉಳಿಯುತ್ತಿರಲಿಲ್ಲ.

ಅಂಕ ಕೇಳಿದ್ದಿರಲ್ಲ? ಮಗಳ ಸ್ಲೇಟಿನ ಮೇಲೆ ಹತ್ತಕ್ಕೆ ಹತ್ತು ಅಂತ ದೊಡ್ಡದಾಗಿ ಬರೆದೆ. ಆಮೇಲೆ ಅದೇ ಬಟ್ಟೆಯಲ್ಲಿ ಒರೆಸಿದ್ದೀನಿ ಸಾರ್. ಚೆನ್ನಾಗಿ ಒರೆಸಿದ್ದೀನಿ.

ಇಂತಿ,
ಮೂರು ಸಲ ಒರೆಸಿಸಿಕೊಂಡವನು

ಲಗತ್ತು: ಬಟ್ಟೆ, ಒಂದು. ಒಗೆದಿಲ್ಲ.